ನ್ಯಾಯ ಕೇಳಲು ಹೋದವರು

ಮೂವತ್ತೆಂಟನೆಯ ಹಾಸುಬಟ್ಟೆಯ ಎರಡು ಮೂಲೆಗಳನ್ನು ಹಿಡಿದು ನಿಂತಿದ್ದಾಗ ಅವಳಿಗೆ ಗೊತ್ತಾಯಿತು, ದೊಡ್ಡಮ್ಮ ಆ ಪತ್ರ ನೋಡಿದ್ದಾಳೆ. ಎದುರಿನ ಎರಡು ಮೂಲೆ ಹಿಡಿದಿದ್ದ ದೊಡ್ಡಮ್ಮ ಬಟ್ಟೆ ಎಳೆಯುವುದನ್ನೇ ಮರೆತು ಅವಳ ಮುಖ ನೋಡುತ್ತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳೆಂದು ದೊಡ್ಡಮ್ಮನಿಗೆ ಆ ಹೆಸರು.

"ಮೂಲೆ ಬಿಡಬೇಡಿ ದೊಡ್ಡಮ್ಮ, ನೆಲಕ್ಕೆ ತಾಗುತ್ತೆ."

"ನಾಲ್ಕು ತಿಂಗಳಾಯ್ತಂತಲ್ಲ ಮಗಳೇ. ನಮ್ಮ ಹತ್ರಾನೂ ಬಾಯಿ ಬಿಡಲಿಲ್ವಲ್ಲ ನೀನು."

ಕೋರ್ಟಿನ ಲಕೋಟೆ ಬೆಳಿಗ್ಗೆ ಆಸ್ಪತ್ರೆಯ ವಿಳಾಸಕ್ಕೇ ಬಂದಿತ್ತು. ಅವಳು ಒಡೆದು ಓದಿ, ವಾರ್ಡಿನ ಬಟ್ಟೆಗಳ ಪಟ್ಟಿಯ ಕೆಳಗೆ ತುರುಕಿದ್ದಳು. ಪಟ್ಟಿ ತೆಗೆಯಲು ಹೋದ ದೊಡ್ಡಮ್ಮನ ಕಣ್ಣಿಗೆ ‘ಜೀವನಾಂಶ ನಾಲ್ಕು ತಿಂಗಳಿಂದ ಬಾಕಿ’ ಎಂಬ ಸಾಲು ಬಿತ್ತು. ಮುಂದೆ ಓದಲು ಮನಸ್ಸಾಗಲಿಲ್ಲ.

ಅವಳು ಮೂವತ್ತೊಂಬತ್ತನೆಯ ಹಾಸುಬಟ್ಟೆ ಎತ್ತಿಕೊಂಡಳು.

ಊಟದ ಹೊತ್ತಿಗೆ ಲಾಂಡ್ರಿಗೆಲ್ಲ ಸುದ್ದಿಯಾಗಿತ್ತು.

"ವಿಚ್ಛೇದನ ಆದ ಮಾತ್ರಕ್ಕೆ ಕೈ ತೊಳ್ಕೊಂಡ ಹಾಗಾ? ಕೋರ್ಟು ಕೊಡು ಅಂದ ಮೇಲೆ ಕೊಡಬೇಕು," ಎಂದಳು ಇಸ್ತ್ರಿಯವಳು. ಇಸ್ತ್ರಿಪೆಟ್ಟಿಗೆಗಿಂತ ಅವಳ ಬಾಯಿಯೇ ಬಿಸಿ ಎಂಬುದು ಅಲ್ಲಿನ ಹಳೆಯ ಮಾತು. "ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆದು ಅದು ಹೇಗೆ ನಿದ್ದೆ ಬರುತ್ತೋ ಕಾಣೆ."

"ಬರೋದಿಲ್ಲ," ಎಂದಳು ಅವಳು.

"ನಿನಗೆ ಬರೋದಿಲ್ಲ, ಪಾಪ. ಅವನಿಗೇನು ಧಾಡಿ."

"ಇವಳನ್ನ ನೋಡಿ ಕಲೀಬೇಕು," ದೊಡ್ಡಮ್ಮ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಹೇಳಿದಳು. "ಯಾರ ಮುಂದೆಯೂ ಕೈ ಚಾಚದೆ ನಮ್ಮ ಮೇಲ್ವಿಚಾರಕಿ ಆದಳು. ನಾಲ್ಕು ತಿಂಗಳ ಹಿಂದೆ ಬಾಲ್ಕನಿ ಇರೋ ಮನೆಗೂ ಹೋದಳು."

"ಅದಕ್ಕೇ ಮತ್ತೆ! ಸರಿಯಾಗಿ ಆಗಲೇ ನಿಲ್ಲಿಸಿದಾನೆ ನೋಡಿ. ಹೊಟ್ಟೆಕಿಚ್ಚು."

ಅವಳು ಅರ್ಧ ಊಟಕ್ಕೇ ಡಬ್ಬಿ ಮುಚ್ಚಿಟ್ಟಳು. ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಮೂವರೂ ಅವನ ಮನೆಗೆ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ದಾರಿ ತೋರಿಸಿದವಳೂ ಅವಳೇ.

"ನಮ್ಮನ್ನ ನೋಡಿ ಹಿಂದಿನ ಬಾಗಿಲಿಂದ ಓಡಿಹೋದರೆ?" ಬಸ್ಸಿನಲ್ಲಿ ಇಸ್ತ್ರಿಯವಳು ಕೇಳಿದಳು.

"ಅವರು ಓಡಿಹೋಗೋರಲ್ಲ."

"ಅವರು, ಇವರು ಅಂತ ಮರ್ಯಾದೆ ಬೇರೆ. ನಿನ್ನಂಥವಳು ಸಿಕ್ಕಿದ್ದಕ್ಕೇ ಅವನು ಹೀಗಾದದ್ದು."

ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆಯ ಮನೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಅವಳು ಅವರಿಬ್ಬರನ್ನೂ ಕೆಳಗೇ ನಿಲ್ಲಿಸಿದಳು. "ಮೊದಲು ನಾನೊಬ್ಬಳೇ ಮಾತಾಡ್ತೀನಿ."

ಬಾಗಿಲು ತೆರೆದದ್ದು ಹಿಂದಿನ ಅತ್ತೆ. ತೋಳೇರಿಸಿದ ಕೈಗಳು ಒದ್ದೆಯಾಗಿದ್ದವು. ಬಯ್ಯಲಿಲ್ಲ, ಅಳಲಿಲ್ಲ. "ಬಾ," ಎಂದರು. "ಮಲಗಿದಾನೆ."

ಕೆಳಗಿನವರಿಗೆ ಅಷ್ಟು ಸಾಕಾಯಿತು.

"ಮಟಮಟ ಮಧ್ಯಾಹ್ನ ಮಲಗಿದಾನಂತೆ ಮಹಾರಾಜ," ಇಸ್ತ್ರಿಯವಳ ದನಿ ಬೀದಿಯ ತುದಿಗೆ ಮುಟ್ಟಿತು. "ಏನಪ್ಪಾ, ಕೇಳಿಸ್ತಾ? ಮುಖ ಇದ್ದರೆ ಕೆಳಗೆ ಬಾ. ನಾವೂ ಹೆಂಗಸರೇ, ಹೆದರಬೇಡ."

ಅವನು ಕೆಳಗೆ ಹೋಗಲಿಲ್ಲ.

ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಗಡ್ಡವನ್ನು ಯಾರೋ ಆಗಷ್ಟೇ ಹೆರೆದಿದ್ದರು. ಕಿವಿಯ ಹತ್ತಿರ ಸೋಪಿನ ನೊರೆ ಉಳಿದಿತ್ತು.

"ನಿನ್ನ ಜೊತೆ ಕೆಲಸ ಮಾಡೋರಾ?"

"ಹೂಂ."

"ನನ್ನ ವಿಷಯ ಏನು ಹೇಳಿದೀಯ ಅವರಿಗೆ?"

"ಏನೂ ಹೇಳಿಲ್ಲ."

ಅದು ನಿಜವೇ. ಅದಕ್ಕಿಂತ ದೊಡ್ಡ ಸುಳ್ಳನ್ನು ಅವಳು ಜನ್ಮದಲ್ಲಿ ಆಡಿರಲಿಲ್ಲ.

ಅತ್ತೆ ಕಿಟಕಿ ಮುಚ್ಚಲು ಹೋದರು. "ಇರಲಿ ಬಿಡಮ್ಮ, ಗಾಳಿ ಬರುತ್ತೆ," ಎಂದು ತಡೆದ. ಆಮೇಲೆ ಅವಳ ಕಡೆ ತಿರುಗಿ, ಇನ್ನೂ ಮೆತ್ತಗೆ, "ಕೋರ್ಟಿನ ಕಾಗದಕ್ಕೆ ಅಮ್ಮನ ಮೇಲೆ ಸಿಟ್ಟು ಮಾಡ್ಕೋಬೇಡ. ಅವಳಿಗೂ ವಯಸ್ಸಾಯ್ತು," ಎಂದ.

ಕುಳಿತುಕೋ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವಳು ಕೂರುತ್ತಿರಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು, ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

"ಬರ್ತೀನಿ."

"ಮೆಟ್ಟಿಲು ಜೋಪಾನ. ಮೂರನೇದು ಈಚೆಗೆ ಅಲ್ಲಾಡುತ್ತೆ ಅಂತ ಅಮ್ಮ ಹೇಳ್ತಾ ಇರ್ತಾಳೆ."

ಕೆಳಗೆ ಇಬ್ಬರೂ ಅವಳ ಮೈಮೇಲೇ ಬಿದ್ದರು. "ಏನಂದ? ಏನಂದ?"

"ಇನ್ನು ತಪ್ಪೋದಿಲ್ಲ."

"ನೋಡಿದ್ಯಾ," ಇಸ್ತ್ರಿಯವಳು ಸೆರಗು ಸಿಕ್ಕಿಸಿಕೊಂಡಳು. "ಮುಂದೆ ಹೋಗಿ ನಿಂತು ಕೇಳಬೇಕು. ಆಗ ಬುದ್ಧಿ ತಾನಾಗೇ ಬರುತ್ತೆ."

"ಬಂತು," ಎಂದಳು ಅವಳು.

ದೊಡ್ಡಮ್ಮ ಅವಳ ಬೆನ್ನು ಸವರಿದಳು. ಆ ಕೈಯಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ಅವಳಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಬಸ್ಸಿನಲ್ಲಿ ಇದ್ದ ಒಂದೇ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟು ಇಬ್ಬರೂ ನಿಂತುಕೊಂಡೇ ಬಂದರು.

ಅವಳು ಒಳಗೊಳಗೇ ನಿಶ್ಚಯಿಸಿದಳು: ಸೋಮವಾರ ಸಂಬಳದ ಸಾಲಿನಲ್ಲಿ ಇವರಿಬ್ಬರೂ ಹಿಂದೆ ನಿಂತು ಕೇಳಿಸಿಕೊಳ್ಳುವಂತೆಯೇ ಗುಮಾಸ್ತನಿಗೆ ಹೇಳಬೇಕು, ಸೊಂಟ ಮುರಿದು ಮೂರು ವರ್ಷದಿಂದ ಹಾಸಿಗೆ ಹಿಡಿದಿರುವ ಆ ಮನುಷ್ಯನಿಗೆ ತಾನು ಕೊಡಬೇಕಾದ ಜೀವನಾಂಶವನ್ನು, ಕೊಡದೆ ಉಳಿಸಿಕೊಂಡ ನಾಲ್ಕು ತಿಂಗಳದ್ದೂ ಸೇರಿಸಿ, ಇನ್ನು ಮುಂದೆ ತನ್ನ ಸಂಬಳದಿಂದಲೇ ಹಿಡಿದು ಕಳಿಸಿ ಎಂದು.