ಪತ್ತೆಯಾದ ಪತ್ತೇದಾರ

ಈ ಸಲ ಪತ್ತೇದಾರ ಗ್ಯಾಸ್ ಕಂಪನಿಯವನಾಗಿದ್ದ. ಮೊನ್ನೆ ನೀರಿನ ಕಚೇರಿಯ ಕೆಮ್ಮುವ ಮುದುಕನಾಗಿ, ನಿನ್ನೆ ಬಹುಮಾನ ಬಂದಿದೆಯೆಂದು ಉಲಿಯುವ ಹುಡುಗಿಯಾಗಿ ಹೊರದೇಶದ ಇದೇ ಮನೆಗೆ ಫೋನ್ ಮಾಡಿದ್ದ. ಎರಡು ಸಲವೂ ಒಂದು ಪುಟ್ಟ ಗಂಟಲು ಆ ದೇಶದ ಭಾಷೆಯಲ್ಲಿ "ಅಪ್ಪ ಮನೇಲಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿತ್ತು.

ಆ ಗಂಟಲು ತನ್ನ ಕಕ್ಷಿದಾರಳ ಮಗಳದ್ದೇ ಎಂದು ಅವನಿಗೆ ಖಚಿತವಾಗಬೇಕಿತ್ತು. ರಜೆಗೆಂದು ಮಗಳನ್ನು ಹೊರದೇಶಕ್ಕೆ ಕರೆದೊಯ್ದ ಗಂಡ ವಾಪಸು ಬಂದೇ ಇರಲಿಲ್ಲ. ಮಗುವನ್ನು ತಾಯಿಗೆ ಒಪ್ಪಿಸಬೇಕೆಂದು ಕೋರ್ಟು ಹೇಳಿಯಾಗಿತ್ತು. ಹೇಳಿದ್ದನ್ನು ಜಾರಿ ಮಾಡಲು ತಟ್ಟಲೊಂದು ಬಾಗಿಲು ಬೇಕಲ್ಲ, ಆ ಗಂಡ ಮನೆ ಬದಲಾಯಿಸುತ್ತಲೇ ಇದ್ದ. "ನೀವು ಪತ್ತೆ ಹಚ್ಚಿ ಸಾಕು, ಕರೆತರೋದು ಪೊಲೀಸರ ಕೆಲಸ," ಎಂದಿದ್ದರು ವಕೀಲರು. "ಅವನಿಗೆ ಸುಳಿವು ಸಿಕ್ಕಿತೋ, ಮತ್ತೆ ಮಾಯ!"

ಸುಳಿವು ಕೊಡುವ ಆಸಾಮಿಯೇ ತಾನು? ಪ್ರಿನ್ಸಿಪಾಲರ ಧ್ವನಿಯಲ್ಲಿ ಇಡೀ ಕಾಲೇಜಿಗೆ ರಜೆ ಘೋಷಿಸಿದ್ದ ಮಹಾನುಭಾವ! ತನ್ನ ಹೆಂಡತಿಗೆ ಮಾತ್ರ ಆ ಕಲೆಯ ಬೆಲೆ ಗೊತ್ತಿರಲಿಲ್ಲ. "ಫ್ರಿಜ್ಜಲ್ಲಿ ಕಣ್ಣೆದುರಿಗಿರೋ ಬೆಣ್ಣೆ ಹುಡುಕೋಕೆ ನನ್ನ ಕರೀತೀರಿ. ನಿಮ್ಮನ್ನ ನಂಬಿ ಯಾರ್ರೀ ಮಗು ಹುಡುಕಿಸ್ತಾರೆ?"

"ಮನೇಲಿ ಗ್ಯಾಸ್ ವಾಸನೆ ಬರ್ತಿದೆಯಾ ಮರಿ?" ಎಂದು ಫೋನಿನಲ್ಲಿ ಆ ದೇಶದ ಭಾಷೆಯಲ್ಲೇ ಗಡಸು ಧ್ವನಿ ತೆಗೆದು, ಗೆದ್ದವನಂತೆ ಕಾಫಿ ಕಪ್ಪಿಗೆ ತುಟಿಯಿಟ್ಟ. ನಾಲಿಗೆ ಚುರ್ರೆಂದಿತು.

"ಅಯ್ಯಯ್ಯಪ್ಪೋ, ಸುಟ್ಟೋಯ್ತು!"

ಹೊರಬಿದ್ದದ್ದು ಅಪ್ಪಟ ತಾಯ್ನುಡಿ. ಬಾಯನ್ನೇ ಬಂಡವಾಳ ಮಾಡಿಕೊಂಡವನ ಅಂಗಡಿ ಬಾಯಿಂದಲೇ ದಿವಾಳಿ.

"ಅಂಕಲ್, ನೀವು ನಮ್ಮ ಕಡೆಯವರಾ?" ಈಗ ಗಂಟಲು ತಾಯ್ನುಡಿಗೆ ಹೊರಳಿತ್ತು.

"ಇಲ್ಲಮ್ಮಾ, ಖಂಡಿತ ಇಲ್ಲ," ಎಂದ ಪತ್ತೇದಾರ, ಅದೇ ತಾಯ್ನುಡಿಯಲ್ಲಿ. ಅಂದ ಮೇಲೆ ತಲೆ ಚಚ್ಚಿಕೊಂಡ.

"ಕೆಮ್ಮೋ ತಾತನೂ ನೀವೇ ಅಲ್ವಾ? ಬಹುಮಾನದ ಆಂಟೀನೂ? ಆಂಟಿ ಅಷ್ಟು ಚೆನ್ನಾಗಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ನಮ್ಮಮ್ಮ ಕಳಿಸಿದ್ದಾ?"

ಪತ್ತೇದಾರ ಕಪ್ಪು ಕೆಳಗಿಟ್ಟ. ಈ ಮಾತು ಸಂಜೆ ಅಪ್ಪನ ಕಿವಿಗೆ ಬಿದ್ದರೆ, ನಾಳೆ ಆ ಮನೆಯಲ್ಲಿ ಗೋಡೆಗಳಷ್ಟೇ ಉಳಿದಿರುತ್ತವೆ. "ಪುಟ್ಟಿ, ಅಪ್ಪನಿಗೆ ಮಾತ್ರ..."

"ಹೇಳಲ್ಲ. ಹೇಳಿದ್ರೆ ಮತ್ತೆ ಮನೆ ಖಾಲಿ ಮಾಡ್ತಾರೆ. ನಂಗೆ ಗೊತ್ತು."

ಖಚಿತವಾಯಿತು. ಹುಡುಕಿದ್ದು ತಾನೋ, ತನ್ನನ್ನೇ ಅವಳು ಹುಡುಕಿದಳೋ, ಆ ಲೆಕ್ಕ ಹೆಂಡತಿಗೆ ಒಪ್ಪಿಸಬೇಕಾಗಿಲ್ಲ. ಸದ್ದಾಗದಂತೆ ಇನ್ನೊಂದು ಫೋನಿನಲ್ಲಿ ವಕೀಲರ ನಂಬರು ತೆಗೆದ.

"ಅಂಕಲ್, ಇಡಬೇಡಿ. ನಿಮಗೆ ಎಲ್ಲರ ಧ್ವನೀನೂ ಬರುತ್ತಲ್ಲಾ, ನಮ್ಮಮ್ಮನ ಧ್ವನಿ ಬರುತ್ತಾ?"

ಪತ್ತೇದಾರ ಬಾಯಿ ತೆರೆದ. ಮುದುಕ ಬರಲಿಲ್ಲ, ಬಹುಮಾನದ ಹುಡುಗಿ ಬರಲಿಲ್ಲ, ಅವನದೇ ಧ್ವನಿಯೂ ಬರಲಿಲ್ಲ.

"ಸ್ನಾನದ ಮನೇಲಿ ನಾನೇ ಅಮ್ಮನ ಥರ ಮಾಡಿ ನೋಡ್ತೀನಿ," ಎಂದಳು ಪುಟ್ಟಿ. "ಮೊದಲು ಬರ್ತಿತ್ತು. ಈಗ ಸರಿಯಾಗಿ ಬರ್ತಿಲ್ಲ."