ಬಿಟ್ಟು ಬರುವವನು

"ಮೂರೂ ತಂಡದೋರು ಒಪ್ಪಿದ್ರು," ಎಂದು ಫೋನಿನಲ್ಲಿ ಕೇಳಿದಾಗ ಅಮೆರಿಕದ ಮೆಂಫಿಸ್ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ವೆಂಡೆಲ್ ಮೇಜಿನ ಮೇಲಿದ್ದ ಹೆಸರಿನ ಪಟ್ಟಿಯನ್ನು ಮತ್ತೊಮ್ಮೆ ಓದಿದ. ತಂಡಗಳ ನಡುವೆ ಆಟಗಾರರ ಈ ಅದಲು-ಬದಲು ಅವನೇ ಹೂಡಿದ ಆಟ. ಕೊಡುವ, ಪಡೆಯುವ ಆಟಗಾರರ ಸಂಬಳದ ಲೆಕ್ಕ ಸರಿದೂಗದಿದ್ದಾಗ, ಉಳಿದೆರಡು ತಂಡದವರು ಹೇಗೂ ಬೇಡವೆನ್ನುತ್ತಾರೆಂದು ಹಿರಿಯ ಆಟಗಾರ ಲಮಾಂಟ್‌ನ ಹೆಸರನ್ನೂ ಬಾಯಿಮಾತಿಗೆ ಸೇರಿಸಿದ್ದ. ಅವರು ಬೇಡವೆನ್ನಲಿಲ್ಲ.

ಅಷ್ಟರಲ್ಲಿ ಲಮಾಂಟ್‌ನೇ ಬಾಗಿಲು ತಳ್ಳಿಕೊಂಡು ಬಂದ. ಬೆರಳಲ್ಲಿ ಕಾರಿನ ಕೀ ಗಿರಗಿರನೆ ತಿರುಗುತ್ತಿತ್ತು. ತಂಡ ಬಿಟ್ಟು ಹೋಗುವವರು ಯಾರೇ ಇರಲಿ, ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬರುವುದು ಮೊದಲಿನಿಂದಲೂ ಅವನ ಪಾಲಿನ ಕೆಲಸ.

"ಯಾರು ಬಾಸ್ ಈ ಸಲ? ಆ ಅಳುಬುರುಕ ಡಾಂಟೇನಾ? ದಾರೀಲಿ ಬಾರ್ಬೆಕ್ಯೂ ತಿನ್ನಿಸಿದ್ರೆ ಸುಮ್ನಾಗ್ತಾನೆ ಬಿಡಿ."

ವೆಂಡೆಲ್ ಎದ್ದು ಬಂದು ಕೈ ಚಾಚಿದ.

"ಕೀ ಇಲ್ಲಿ ಕೊಡಪ್ಪ. ಇವತ್ತು ಕಾರು ನಾನು ಓಡಿಸ್ತೀನಿ."