ಅಪ್ಪನ ಬೆನ್ನಿಗೆ ಹತ್ತಿದ ಮಣ್ಣು

ಮಜ್ಜಿಗೆಗೆ ಅರಿಸಿನ ಬೆರೆತ ವಾಸನೆ ಬಂದರೆ ಇಂದಿಗೂ ಕಮಲಾಪುರದ ನಮ್ಮ ತಾಲೀಮು, ಅಪ್ಪನ ಗರಡಿಮನೆ, ಕಣ್ಣ ಮುಂದೆ ಬರುತ್ತದೆ. ಅವೆರಡನ್ನೂ ಸುರಿದೇ ಅಪ್ಪ ಕುಸ್ತಿಯ ಕೆಂಪು ಮಣ್ಣನ್ನು ಹದ ಮಾಡುತ್ತಿದ್ದ.

ಅದು ನಿಜಾಮರ ಕಾಲ. ತಾನು ಕುಸ್ತಿ ಬಿಟ್ಟ ಮೇಲೆ ಅಪ್ಪ ಊರೂರಿನ ಪೈಲ್ವಾನರನ್ನು ಕರೆಸಿ ಕುಸ್ತಿ ಆಡಿಸುತ್ತಿದ್ದ. ಒಂದು ಮಧ್ಯಾಹ್ನ ಕಲಬುರ್ಗಿಯಿಂದ ಮಸ್ತಾನ್ ಕಾಕಾ ಬಂದ. ಪ್ರಾಯದಲ್ಲಿ ಆತ ಅಪ್ಪನ ಸರಿಜೋಡಿ. ಎಷ್ಟು ಸಲ ಸೆಣಸಿದರೂ ಇಬ್ಬರಲ್ಲಿ ಯಾರೂ ಬಿದ್ದಿರಲಿಲ್ಲವಂತೆ. ಈಗ ಕಾಕಾನ ಗಡ್ಡ ಬೆಳ್ಳಗಾಗಿತ್ತು, ಒಂದು ಮೊಣಕಾಲು ಮಡಚುತ್ತಿರಲಿಲ್ಲ.

“ಈ ಸಲ ಡಂಗುರದಾಗ ನನ್ನ ಹೆಸರೂ ಸಾರಿಸು,” ಎಂದ.

“ಬ್ಯಾಡ ಭಾಯಿ. ಈಗಿನ ಹುಡುಗರು ಕಾಲು ಮುರಿತಾರ.”

ಕಾಕಾ ರುಮಾಲು ಬಿಚ್ಚಿಟ್ಟ. “ಹಂಗಾದ್ರ ನೀನೇ ಬಾ.”

ನೋಡುವವಳು ನಾನೊಬ್ಬಳೇ. ಬೆಳಕಿಂಡಿಯಿಂದ ಇಳಿದ ಬಿಸಿಲಲ್ಲಿ ದೂಳು ನಿಧಾನವಾಗಿ ತೇಲುತ್ತಿತ್ತು. ಇಬ್ಬರೂ ತೋಳಿಗೆ ತೋಳು ಕೊಟ್ಟು, ಹಣೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತರು. ನಿಂತಲ್ಲೇ ನಿದ್ದೆಹೋದರೇನೋ ಅನ್ನಿಸಿತು. ಆಮೇಲೆ ಅಪ್ಪ, ಕಾಕಾ ಯಾವ ಪಟ್ಟೂ ಹಾಕದಿದ್ದರೂ, ಮಾಗಿದ ಹಣ್ಣು ಕಳಚಿದಷ್ಟು ಮೆತ್ತಗೆ, ಅಂಗಾತ ಬಿದ್ದ.

“ಅಪ್ಪಾ, ನೀ ಸೋತಿ ಏನ?” ನಾನು ಅಳುತ್ತಾ ಓಡಿದೆ.

“ಹೌದವ್ವಾ. ನಿಮ್ಮ ಕಾಕಾ ಖರೇ ಪೈಲ್ವಾನ.”

ಕಾಕಾ ಏದುಸಿರು ಬಿಡುತ್ತಾ ಪಕ್ಕದಲ್ಲೇ ಕುಳಿತು ಅಪ್ಪನ ಮುಖವನ್ನು ನೋಡಿದ. ಕಣ್ಣು ತುಂಬಿದ್ದರೂ ನಗುತ್ತಿದ್ದ.

“ಸಾಕಪಾ, ಇನ್ನ ಕಣಕ್ಕ ಇಳಿಯಾಂಗಿಲ್ಲ. ನಿನ್ನ ತಾಲೀಮಿನ ಹುಡುಗರನ್ನ ನನ್ನ ಕೈಯಾಗ ಕೊಡು, ಪಟ್ಟು ಕಲಿಸ್ತೀನಿ.”

ಅಪ್ಪ ಏಳಲಿಲ್ಲ. ಮಲಗಿದಲ್ಲೇ ಕಣ್ಣು ಮುಚ್ಚಿ, “ನಾಳೆ ಮುಂಜಾನೇನೇ ಬಾ,” ಎಂದ.